ಸೀಮೆಸುಣ್ಣದ ಪುಡಿಯಲ್ಲಿ ಹುಟ್ಟಿದ ವಿದ್ಯೆ

ಅಂಚೆಚೀಟಿಯಷ್ಟು ಅಗಲದ ಗಾಜಿನ ತುಂಡು. ಅದರೊಳಗೆ ಕೂದಲೆಳೆಯಷ್ಟು ಸಪೂರವಾದ ಕಾಲುವೆಗಳು. ಒಂದು ತುದಿಯಲ್ಲಿ ಒಂದು ಹನಿ ರಕ್ತವನ್ನೋ ಬೋರ್‌ವೆಲ್ ನೀರನ್ನೋ ಇಟ್ಟರೆ, ಅದರಲ್ಲಿ ಏನೇನು ಬೆರೆತಿದೆ ಎಂಬುದನ್ನು ಒಂದೊಂದಾಗಿ ಬೇರ್ಪಡಿಸಿ ಇನ್ನೊಂದು ತುದಿಯಲ್ಲಿ ಲೆಕ್ಕ ಕೊಡುತ್ತದೆ. ಇದಕ್ಕೆ ಲ್ಯಾಬ್ ಆನ್ ಎ ಚಿಪ್ ಎಂದು ಹೆಸರು. ದೊಡ್ಡ ಕೋಣೆ, ಮೇಜು, ಬಾಟಲಿ, ಯಂತ್ರಗಳೆಲ್ಲ ಇರಬೇಕಾದ ಕೆಮಿಸ್ಟ್ರಿ ಲ್ಯಾಬನ್ನು ಅಂಗೈಗೆ ಇಳಿಸುವ ಕೆಲಸ. ನಾನು ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಬಿ.ಇ. ಓದುತ್ತಿರುವ ಹುಡುಗ. ಟೆಕ್ನಿಕಲ್ ಸೆಮಿನಾರ್‌ಗೆ ಆರಿಸಿಕೊಂಡದ್ದು ಇದೇ ವಿಷಯ.

ಸೆಮಿನಾರ್‌ಗೆಂದು ಓದುತ್ತಾ ಹಿಂದೆ ಹಿಂದೆ ಸರಿದಂತೆ ಇಸವಿಗಳು 1990, 1979, 1952, 1931 ಎಂದು ಇಳಿಯುತ್ತಾ ಹೋಗಿ, ಕೊನೆಗೆ 1903ರ ವಾರ್ಸಾ ನಗರದ ಒಬ್ಬ ಸಸ್ಯಶಾಸ್ತ್ರದ ಮೇಷ್ಟ್ರ ಹತ್ತಿರ ಬಂದು ನಿಂತವು. ಹೆಸರು ಮಿಖಾಯಿಲ್ ತ್ಸ್ವೆತ್. ಆತನ ಕೈಯಲ್ಲಿ ಚಿಪ್ ಇರಲಿಲ್ಲ. ಇದ್ದದ್ದು ಒಂದು ಗಾಜಿನ ಕೊಳವೆ, ಸೀಮೆಸುಣ್ಣದ ಪುಡಿ, ಒಂದಿಷ್ಟು ಹಸಿರೆಲೆಯ ರಸ. ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ಶಾಯಿಯ ಚುಕ್ಕೆ ಇಟ್ಟ ಸೋಸುಕಾಗದವನ್ನು ನೀರಿಗೆ ಇಳಿಬಿಟ್ಟು, ಬಣ್ಣಗಳು ಬೇರೆಯಾಗುವುದನ್ನು ನೋಡಿದ್ದೇವಲ್ಲ, ಆ ಕ್ರೊಮ್ಯಾಟೊಗ್ರಫಿಯ ಮೂಲಪುರುಷ ಈತ. ಪಠ್ಯದಲ್ಲಿ ವಿಧಾನ ಓದಿದೆವು, ಮನುಷ್ಯನನ್ನು ಓದಲಿಲ್ಲ. ಈಗ ಓದಿದ ಮೇಲೆ, ಡಿಗ್ರಿ ಮುಗಿಸುವ ಮತ್ತು ಕೆಲಸ ಹುಡುಕುವ ನಮ್ಮಂಥವರಿಗೆ ಆ ವಿಧಾನದಷ್ಟೇ ಆತನ ಬದುಕೂ ಗೊತ್ತಿರಬೇಕು ಅನಿಸಿತು.

ಎರಡು ನಾಡಿನ ಹುಡುಗ

ತ್ಸ್ವೆತ್ ಹುಟ್ಟಿದ್ದು 1872ರ ಮೇ 14ರಂದು, ಇಟಲಿಯ ಆಸ್ತಿ ಎಂಬ ಊರಿನಲ್ಲಿ. ಅದು ಅಪ್ಪನ ಊರೂ ಅಲ್ಲ, ಅಮ್ಮನ ಊರೂ ಅಲ್ಲ. ಪ್ರಯಾಣದ ನಡುವೆ ತಂಗಿದ್ದ ಹೋಟೆಲಿನಲ್ಲಿ ಹೆರಿಗೆಯಾಯಿತು. ತಂದೆ ರಷ್ಯಾದ ಸರ್ಕಾರಿ ಅಧಿಕಾರಿ, ತಾಯಿ ಇಟಲಿ ಮೂಲದವಳು. ಮಗು ಹುಟ್ಟಿದ ಸ್ವಲ್ಪ ದಿನಕ್ಕೇ ತಾಯಿ ತೀರಿಕೊಂಡಳು. ತಂದೆಗೆ ರಷ್ಯಾದಲ್ಲಿ ನೌಕರಿ. ಕೂಸನ್ನು ಸ್ವಿಟ್ಜರ್ಲೆಂಡಿನಲ್ಲಿ ಒಬ್ಬ ದಾದಿಯ ಮಡಿಲಿಗೆ ಹಾಕಿ ಆತ ಹಿಂದಿರುಗಬೇಕಾಯಿತು. ಹೀಗೆ ರಷ್ಯಾದ ಹುಡುಗ ಲೊಸಾನ್ ಮತ್ತು ಜಿನೀವಾದಲ್ಲಿ, ಫ್ರೆಂಚ್ ಮಾತಾಡುವ ಊರುಗಳಲ್ಲಿ ಬೆಳೆದ.

1891ರಲ್ಲಿ ಜಿನೀವಾ ವಿಶ್ವವಿದ್ಯಾಲಯ ಸೇರಿದ. ಒಲವು ಸಸ್ಯಗಳ ಕಡೆ ಇತ್ತು, ಆದರೆ ಹೂವಿನ ಎಸಳು ಎಣಿಸಿ ಹೆಸರಿಡುವ ಕೆಲಸದ ಕಡೆ ಅಲ್ಲ. ಜೀವಕೋಶದ ಒಳಗೆ ಏನು ನಡೆಯುತ್ತದೆ, ಎಲೆ ಹಸಿರಾಗಿರುವುದು ಯಾಕೆ, ಆ ಹಸಿರು ಕೋಶದಲ್ಲಿ ಯಾವ ರೂಪದಲ್ಲಿ ಕೂತಿದೆ ಎಂಬ ಕಡೆ. 1896ರಲ್ಲಿ, 24ನೇ ವಯಸ್ಸಿಗೆ, ಡಾಕ್ಟರೇಟ್ ಪದವಿ ಕೈಗೆ ಬಂತು. ಅದೇ ವರ್ಷ ತಂದೆಯ ನಾಡಾದ ರಷ್ಯಾಕ್ಕೆ ಹೊರಟ. ಯುರೋಪಿನ ಹೆಸರಾಂತ ವಿಶ್ವವಿದ್ಯಾಲಯದ ಡಾಕ್ಟರೇಟ್ ಇದೆ, ವಯಸ್ಸಿದೆ, ಕೆಲಸ ಸಿಗುವುದು ಕಷ್ಟವೇ ಎಂದು ಯಾರಾದರೂ ಅಂದುಕೊಳ್ಳುತ್ತಾರೆ.

ಕಷ್ಟವೇ ಆಯಿತು. ರಷ್ಯಾದ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುವ ಹುದ್ದೆಗೆ ಹೊರದೇಶದ ಪದವಿಗೆ ಮಾನ್ಯತೆ ಇರಲಿಲ್ಲ. ಅಲ್ಲಿನ ಪದ್ಧತಿಯಲ್ಲಿ ಮೊದಲು ಮಾಸ್ಟರ್ ಪದವಿ, ಆಮೇಲೆ ಡಾಕ್ಟರ್ ಪದವಿ, ಎರಡನ್ನೂ ಅಲ್ಲೇ ಹೊಸದಾಗಿ ಪಡೆಯಬೇಕು. ಮುಗಿಸಿ ಬಂದ ಓದನ್ನು ಮತ್ತೆ ಶುರುವಿನಿಂದ ಓದು ಎಂದಂತೆ. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಸಂಶೋಧನೆಗೆ ಜಾಗ ಹುಡುಕಿಕೊಂಡು, ಹೊಟ್ಟೆಪಾಡಿಗೆ ಮಹಿಳೆಯರ ತರಗತಿಗಳಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟ. 1901ರಲ್ಲಿ ಕಜಾನ್ ವಿಶ್ವವಿದ್ಯಾಲಯದಿಂದ ಮಾಸ್ಟರ್ ಪದವಿ ಪಡೆದ. ಮರುವರ್ಷ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ವಾರ್ಸಾ ನಗರದ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ಯಾವ ಕೆಲಸ? ಲ್ಯಾಬ್ ಅಸಿಸ್ಟೆಂಟ್. ಡಾಕ್ಟರೇಟ್ ಪಡೆದ ಆರು ವರ್ಷಕ್ಕೆ, 30ರ ಹೊಸ್ತಿಲಲ್ಲಿ ಸಿಕ್ಕ ಹುದ್ದೆ ಅದು.

ಎಲೆಯೊಳಗಿನ ಗೋಜಲು

ವಾರ್ಸಾಕ್ಕೆ ಬರುವ ಹೊತ್ತಿಗೆ ತ್ಸ್ವೆತ್‌ನ ತಲೆಯಲ್ಲಿ ಒಂದೇ ಪ್ರಶ್ನೆ ಗುಂಯ್‌ಗುಡುತ್ತಿತ್ತು. ಎಲೆಯ ಹಸಿರು ಒಂದೇ ವಸ್ತುವೋ, ಹಲವು ವಸ್ತುಗಳ ಬೆರಕೆಯೋ? ಬೆರಕೆಯಾದರೆ ಒಂದೊಂದನ್ನೂ ಕೆಡಿಸದೆ ಬಿಡಿಸುವುದು ಹೇಗೆ? ಅಂದಿನ ರಸಾಯನಶಾಸ್ತ್ರಜ್ಞರು ಬಿಡಿಸಲು ಆಮ್ಲ ಹಾಕುತ್ತಿದ್ದರು, ಕ್ಷಾರ ಹಾಕುತ್ತಿದ್ದರು, ಕಾಯಿಸುತ್ತಿದ್ದರು. ಎಲೆಯ ಬಣ್ಣಗಳೋ ಬಹಳ ನಾಜೂಕು. ಈ ಉಪಚಾರದಲ್ಲಿ ಅವು ತಮ್ಮ ರೂಪವನ್ನೇ ಬದಲಿಸುತ್ತಿದ್ದವು. ಕೊನೆಗೆ ಕೈಗೆ ಸಿಕ್ಕಿದ್ದು ಎಲೆಯಲ್ಲಿದ್ದ ವಸ್ತುವೋ, ಲ್ಯಾಬಿನಲ್ಲಿ ನಾವೇ ಮಾಡಿಕೊಂಡ ವಸ್ತುವೋ ಎಂದು ಹೇಳುವುದು ಕಷ್ಟವಾಗಿತ್ತು.

ತ್ಸ್ವೆತ್ ಒಂದು ಸಣ್ಣ ವಿಚಿತ್ರವನ್ನು ಗಮನಿಸಿದ್ದ. ಪೆಟ್ರೋಲಿಯಂ ಈಥರ್‌ನಂಥ ಕೆಲವು ದ್ರವಗಳು ಹಸಿ ಎಲೆಯಿಂದ ಎಲ್ಲ ಬಣ್ಣವನ್ನೂ ಹೊರತೆಗೆಯುವುದಿಲ್ಲ. ಆದರೆ ಅದಕ್ಕೆ ಚೂರು ಆಲ್ಕೋಹಾಲ್ ಸೇರಿಸಿದರೆ ಸಲೀಸಾಗಿ ಬರುತ್ತದೆ. ಒಮ್ಮೆ ಹೊರಬಂದ ಹಸಿರು ಬಣ್ಣ ಅದೇ ಪೆಟ್ರೋಲಿಯಂ ಈಥರಿನಲ್ಲಿ ಆರಾಮವಾಗಿ ಕರಗುತ್ತದೆ! ಅಂದರೆ ತೊಂದರೆ ಕರಗುವುದರಲ್ಲಿ ಇಲ್ಲ. ಎಲೆಯ ಒಳಭಾಗ ಆ ಬಣ್ಣವನ್ನು ತನ್ನ ಮೈಗೆ ಅಂಟಿಸಿ ಹಿಡಿದುಕೊಂಡಿದೆ. ಹೀಗೆ ಒಂದು ವಸ್ತು ಇನ್ನೊಂದರ ಮೇಲ್ಮೈಗೆ ಅಂಟಿಕೊಳ್ಳುವುದಕ್ಕೆ ಅಧಿಶೋಷಣೆ ಎನ್ನುತ್ತಾರೆ. ಎಲೆ ಹಿಡಿದುಕೊಳ್ಳುವುದಾದರೆ ಬೇರೆ ಪುಡಿಗಳೂ ಹಿಡಿದುಕೊಳ್ಳಬೇಕಲ್ಲ ಎಂದು ಹುಡುಕಹೊರಟ. ಒಂದಲ್ಲ, ಹತ್ತಲ್ಲ, ನೂರಕ್ಕೂ ಹೆಚ್ಚು ಬಗೆಯ ಪುಡಿಗಳನ್ನು ಒಂದೊಂದಾಗಿ ಪರೀಕ್ಷಿಸಿದ. ಇದರ ಮೊದಲ ವರದಿಯನ್ನು 1903ರ ಮಾರ್ಚ್ 21ರಂದು ವಾರ್ಸಾದ ನಿಸರ್ಗಶಾಸ್ತ್ರಜ್ಞರ ಸಂಘದ ಸಭೆಯಲ್ಲಿ ಮಂಡಿಸಿದ. ಅದು ಅಚ್ಚಾದದ್ದು ರಷ್ಯನ್ ಭಾಷೆಯ ಒಂದು ಸ್ಥಳೀಯ ಪತ್ರಿಕೆಯಲ್ಲಿ. ಹೊರಗಿನ ಜಗತ್ತಿಗೆ ಸುದ್ದಿಯೇ ಮುಟ್ಟಲಿಲ್ಲ.

ಪೂರ್ತಿ ರೂಪ ಬಂದದ್ದು 1906ರಲ್ಲಿ, ಜರ್ಮನಿಯ ಸಸ್ಯಶಾಸ್ತ್ರ ಪತ್ರಿಕೆಯೊಂದರಲ್ಲಿ ಪ್ರಕಟವಾದ ಎರಡು ಲೇಖನಗಳಲ್ಲಿ. ವಿಧಾನ ಎಷ್ಟು ಸರಳ ನೋಡಿ. ಚೆನ್ನಾಗಿ ಒಣಗಿಸಿದ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸೀಮೆಸುಣ್ಣದ ನಯವಾದ ಪುಡಿಯನ್ನು ಗಾಜಿನ ಕೊಳವೆಯಲ್ಲಿ ಬಿಗಿಯಾಗಿ ತುಂಬಬೇಕು. ಮೇಲಿನಿಂದ ಎಲೆಯ ಬಣ್ಣದ ದ್ರಾವಣವನ್ನು ಸುರಿಯಬೇಕು. ಅದು ಇಳಿದ ಮೇಲೆ ಶುದ್ಧ ದ್ರಾವಕವನ್ನು ಹನಿಹನಿಯಾಗಿ ಬಿಡುತ್ತಾ ಇರಬೇಕು. ಹಸಿರಾಗಿ ಒಂದೇ ಮುದ್ದೆಯಂತಿದ್ದದ್ದು ನಿಧಾನಕ್ಕೆ ಪಟ್ಟೆ ಪಟ್ಟೆಯಾಗಿ ಬಿಡಿಸಿಕೊಳ್ಳುತ್ತದೆ. ಹಳದಿ ಮಿಶ್ರಿತ ಹಸಿರಿನ ಒಂದು ಪಟ್ಟೆ, ನೀಲಿ ಮಿಶ್ರಿತ ಹಸಿರಿನ ಇನ್ನೊಂದು, ಬೇರೆ ಬೇರೆ ಹಳದಿಗಳು. ಕ್ಯಾರೊಟಿನ್ ಎಲ್ಲೂ ನಿಲ್ಲದೆ ಎಲ್ಲಕ್ಕಿಂತ ಮುಂಚೆ ಕೆಳಗೆ ಇಳಿದುಬಿಡುತ್ತದೆ. ಬಳಿಕ ಪುಡಿಯ ಕಂಬವನ್ನು ಮರದ ಕೋಲಿನಿಂದ ಮೆಲ್ಲಗೆ ಹೊರಗೆ ತಳ್ಳಿ, ಬಣ್ಣ ಬಣ್ಣದ ಬಿಲ್ಲೆಗಳನ್ನು ಚಾಕುವಿನಿಂದ ಕತ್ತರಿಸಿ, ಒಂದೊಂದು ಬಿಲ್ಲೆಯ ಬಣ್ಣವನ್ನೂ ಆಲ್ಕೋಹಾಲಿನಲ್ಲಿ ಕರಗಿಸಿ ತೆಗೆಯುವುದು. ಅಷ್ಟೇ.

ಇದು ಹೇಗೆ ನಡೆಯುತ್ತದೆ ಎಂದು ತಿಳಿಯಲು ನಮ್ಮೂರ ಜಾತ್ರೆಯ ಬೀದಿ ನೆನಪಿಸಿಕೊಂಡರೆ ಸಾಕು. ಹತ್ತು ಜನ ಒಟ್ಟಿಗೆ ಹೊರಡುತ್ತಾರೆ. ಒಬ್ಬ ಪ್ರತಿ ಅಂಗಡಿಯ ಮುಂದೆಯೂ ನಿಲ್ಲುತ್ತಾನೆ, ಇನ್ನೊಬ್ಬ ಮಂಡಕ್ಕಿ ಅಂಗಡಿಗೆ ಮಾತ್ರ ನಿಲ್ಲುತ್ತಾನೆ, ಮತ್ತೊಬ್ಬ ಅತ್ತಿತ್ತ ನೋಡದೆ ನೇರ ತೇರಿನ ಹತ್ತಿರ ಹೋಗುತ್ತಾನೆ. ಬೀದಿಯ ಕೊನೆ ಮುಟ್ಟುವ ಹೊತ್ತಿಗೆ ಗುಂಪು ತಾನಾಗಿ ಬೇರ್ಪಟ್ಟಿರುತ್ತದೆ. ಯಾರನ್ನೂ ಎಳೆಯಬೇಕಾಗಿಲ್ಲ, ತಳ್ಳಬೇಕಾಗಿಲ್ಲ. ಸೀಮೆಸುಣ್ಣದ ಕಣಗಳು ಅಂಗಡಿಗಳು, ದ್ರಾವಕದ ಹರಿವು ಬೀದಿಯ ನಡಿಗೆ, ಬಣ್ಣದ ಅಣುಗಳು ಜನ. ಹೆಚ್ಚು ಅಂಟಿಕೊಳ್ಳುವ ಅಣು ಹಿಂದೆ ಉಳಿಯುತ್ತದೆ, ಕಡಿಮೆ ಅಂಟಿಕೊಳ್ಳುವುದು ಮುಂದೆ ಓಡುತ್ತದೆ. ಯಾವುದೂ ಕೆಡುವುದಿಲ್ಲ.

ಇದಕ್ಕೆ ತ್ಸ್ವೆತ್ ಕ್ರೊಮ್ಯಾಟೊಗ್ರಫಿ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಬಣ್ಣದ ಬರಹ ಎಂಬ ಅರ್ಥ. ರಷ್ಯನ್ ಭಾಷೆಯಲ್ಲಿ ತ್ಸ್ವೆತ್ ಎಂದರೂ ಬಣ್ಣವೇ! ತನ್ನ ಹೆಸರನ್ನೇ ಗುಟ್ಟಾಗಿ ಅದರೊಳಗೆ ಬಚ್ಚಿಟ್ಟನೋ ಏನೋ ಎಂಬ ಮಾತು ವಿಜ್ಞಾನಿಗಳ ನಡುವೆ ಇಂದಿಗೂ ಇದೆ. ಬಣ್ಣವಿಲ್ಲದ ವಸ್ತುಗಳನ್ನೂ ಹೀಗೆಯೇ ಬಿಡಿಸಬಹುದು ಎಂಬುದನ್ನೂ ಆತ ಆಗಲೇ ಕಂಡುಕೊಂಡಿದ್ದ.

ನನ್ನ ಸೆಮಿನಾರ್ ವಿಷಯಕ್ಕೆ ಹತ್ತಿರವಾದದ್ದು ಆತನ ಕೊಳವೆಯ ಅಳತೆ. ವಿಶ್ಲೇಷಣೆಗೆ ಬಳಸಿದ ಚಿಕ್ಕ ಕೊಳವೆಗಳು 2-3 ಮಿಲಿಮೀಟರ್ ಅಗಲ, ಅದರಲ್ಲಿ ತುಂಬಿದ ಪುಡಿಯ ಎತ್ತರ 20-30 ಮಿಲಿಮೀಟರ್. ಒಂದು ಮುರಿದ ಸೀಮೆಸುಣ್ಣದ ಕಡ್ಡಿಗಿಂತ ಸಣ್ಣದು. ಕೊಳವೆಗಳನ್ನು ಸಾಲಾಗಿ ಜೋಡಿಸಿ ಒಟ್ಟಿಗೆ ಹಲವು ಪರೀಕ್ಷೆ ನಡೆಸುವ ಏರ್ಪಾಡನ್ನೂ ಮಾಡಿಕೊಂಡಿದ್ದ. ಕಡಿಮೆ ವಸ್ತು, ಕಡಿಮೆ ಜಾಗ, ಒಂದೇ ಸಲಕ್ಕೆ ಹಲವು ಪರೀಕ್ಷೆ. ಇಂದು ಚಿಪ್ಪಿನ ಬಗ್ಗೆ ಹೇಳುವ ಮೂರು ಗುಣಗಳೂ ಆ ಮೇಜಿನ ಮೇಲೆ ಮೊಳಕೆಯೊಡೆದಿದ್ದವು.

ಸಣ್ಣದಾದ್ದರಿಂದಲೇ ಸೋತದ್ದು

ಇಷ್ಟು ಚೆಂದದ ವಿಧಾನವನ್ನು ಲೋಕ ಎತ್ತಿಕೊಂಡು ಮೆರೆಸಿರಬೇಕು ಅನ್ನಿಸುತ್ತದೆ. ಆದದ್ದು ಬೇರೆ. ಆ ಕಾಲದ ರಸಾಯನಶಾಸ್ತ್ರದಲ್ಲಿ ಒಂದು ವಸ್ತು ಶುದ್ಧವಾಗಿ ಸಿಕ್ಕಿದೆ ಎಂದರೆ ಅದರ ಹರಳು ಬಾಟಲಿಯಲ್ಲಿ ಇರಬೇಕು, ತೂಗಿ ತೋರಿಸಬೇಕು. ಅದಕ್ಕಾಗಿ ಕಿಲೋಗಟ್ಟಲೆ ಒಣಗಿದ ಎಲೆ ತಂದು, ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಸಂಸ್ಕರಿಸುತ್ತಿದ್ದರು. ಅವರ ಮುಂದೆ ಬೆರಳು ಗಾತ್ರದ ಕೊಳವೆಯಲ್ಲಿನ ಬಣ್ಣದ ಗೆರೆ ತೋರಿಸಿ, ಇಗೋ ಇಷ್ಟು ವಸ್ತುಗಳಿವೆ ಎಂದರೆ ಯಾರು ಒಪ್ಪುತ್ತಾರೆ? ಪೋಲೆಂಡಿನ ರಸಾಯನಶಾಸ್ತ್ರಜ್ಞ ಲಿಯೋನ್ ಮಾರ್ಖ್ಲೆವ್‌ಸ್ಕಿ ಕಟುವಾಗಿ ಟೀಕಿಸಿದ. ತ್ಸ್ವೆತ್ ಕೂಡ ಸುಮ್ಮನಿರುವ ಜಾಯಮಾನದವನಲ್ಲ, ಖಾರವಾಗಿಯೇ ಉತ್ತರ ಬರೆದ. ಜಗಳ ಬೆಳೆಯಿತು, ಗೆಳೆಯರು ಹೆಚ್ಚಲಿಲ್ಲ.

ಇನ್ನೂ ದೊಡ್ಡ ಹೊಡೆತ ಜರ್ಮನಿಯಿಂದ ಬಂತು. ಎಲೆಯ ಬಣ್ಣಗಳ ಸಂಶೋಧನೆಯಲ್ಲಿ ಅಂದು ರಿಚರ್ಡ್ ವಿಲ್‌ಸ್ಟೆಟರ್ ಅವರ ಮಾತೇ ಕೊನೆಯ ಮಾತು. 1915ರಲ್ಲಿ ಇದೇ ಕೆಲಸಕ್ಕೆ ನೊಬೆಲ್ ಪಡೆದವರು ಅವರು. ಅವರ ಲ್ಯಾಬಿನಲ್ಲಿ ತ್ಸ್ವೆತ್‌ನ ವಿಧಾನವನ್ನು ಪ್ರಯತ್ನಿಸಿದರು, ಆದರೆ ಬಳಸಿದ ಪುಡಿ ತೀರಾ ಚುರುಕಿನದಾಗಿ ಕ್ಲೋರೊಫಿಲ್ ಕೆಟ್ಟುಹೋಯಿತು. ಪುಡಿಯ ಆಯ್ಕೆಯೇ ಈ ವಿಧಾನದ ಜೀವಾಳ ಎಂದು ತ್ಸ್ವೆತ್ ನೂರು ಪುಡಿ ಪರೀಕ್ಷಿಸಿ ತಿಳಿದಿದ್ದ ವಿಷಯ. ಅದನ್ನು ಬಿಟ್ಟು ವಿಧಾನಕ್ಕೇ ಕೆಟ್ಟ ಹೆಸರು ಬಂತು. ಹೆಸರುವಾಸಿ ಲ್ಯಾಬಿನಲ್ಲಿ ಆಗದ್ದು, ವಾರ್ಸಾದಲ್ಲಿನ ಒಬ್ಬ ಸಸ್ಯಶಾಸ್ತ್ರದವನಿಗೆ ಆಯಿತು ಎಂದರೆ ನಂಬುವವರು ಕಡಿಮೆ.

ಇಲ್ಲಿ ಇನ್ನೊಂದು ಪೇಚು ಕೂಡ ಇತ್ತು. ತ್ಸ್ವೆತ್ ಬರೆದದ್ದು ಸಸ್ಯಶಾಸ್ತ್ರದ ಪತ್ರಿಕೆಗಳಲ್ಲಿ, ಅವುಗಳನ್ನು ರಸಾಯನಶಾಸ್ತ್ರದವರು ತಿರುವಿ ಹಾಕುತ್ತಿರಲಿಲ್ಲ. ಸಸ್ಯಶಾಸ್ತ್ರದವರಿಗೆ ಕೊಳವೆ, ದ್ರಾವಕಗಳ ಈ ಲೆಕ್ಕಾಚಾರ ತಮ್ಮ ಕೆಲಸ ಅನ್ನಿಸಲಿಲ್ಲ. ಎರಡು ಇಲಾಖೆಗಳ ನಡುವಿನ ಗೋಡೆಯ ಮೇಲೆ ಕೂತವನು ಎರಡೂ ಕಡೆಯವರ ಕಣ್ಣಿಗೆ ಬೀಳಲಿಲ್ಲ. 1907ರಲ್ಲಿ ಬರ್ಲಿನ್‌ಗೆ ಹೋಗಿ ಸಸ್ಯಶಾಸ್ತ್ರಜ್ಞರ ಸಭೆಯಲ್ಲಿ ಬಣ್ಣದ ಪಟ್ಟೆಗಳನ್ನು ಕಣ್ಣೆದುರೇ ತೋರಿಸಿದರೂ ಗಾಳಿ ತಿರುಗಲಿಲ್ಲ.

ಹಾಗೆಂದು ಕೆಲಸ ಬಿಡಲಿಲ್ಲ. 1907ರಲ್ಲಿ ಮದುವೆಯಾದ. ಮರುವರ್ಷ ವಾರ್ಸಾದ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ಸಸ್ಯ ಮತ್ತು ಪ್ರಾಣಿಲೋಕದ ಬಣ್ಣಗಳ ಬಗ್ಗೆ, ತನ್ನ ವಿಧಾನದ ಪೂರ್ತಿ ವಿವರಗಳೊಂದಿಗೆ ರಷ್ಯನ್ ಭಾಷೆಯಲ್ಲಿ ಒಂದು ದೊಡ್ಡ ಪುಸ್ತಕ ಬರೆದ. 1910ರಲ್ಲಿ ಅದೇ ಪ್ರಬಂಧವಾಗಿ ರಷ್ಯಾದ ಡಾಕ್ಟರ್ ಪದವಿ ದೊರೆಯಿತು. ಜಿನೀವಾದಲ್ಲಿ 24ಕ್ಕೆ ಸಿಕ್ಕ ಪದವಿ ರಷ್ಯಾದಲ್ಲಿ 38ಕ್ಕೆ ಸಿಕ್ಕಿತು! ನಡುವಿನ 14 ವರ್ಷಗಳಲ್ಲಿ ಆತ ಲೋಕಕ್ಕೆ ಕೊಟ್ಟದ್ದು ಏನೆಂದು ಲೆಕ್ಕ ಹಾಕಿದರೆ, ಮಾನ್ಯತೆಯ ಸೀಲು ಎಂಬುದು ಕೆಲಸದ ಹಿಂದೆ ಎಷ್ಟು ದೂರದಲ್ಲಿ ಕುಂಟುತ್ತಾ ಬರುತ್ತದೆ ಎಂದು ತಿಳಿಯುತ್ತದೆ. ಆ ಪುಸ್ತಕಕ್ಕೆ 1911ರಲ್ಲಿ ರಷ್ಯಾದ ವಿಜ್ಞಾನ ಅಕಾಡೆಮಿಯ ಬಹುಮಾನವೂ ಬಂತು.

ಊರಿಂದೂರಿಗೆ

ನೆಮ್ಮದಿ ಬಹಳ ದಿನ ಇರಲಿಲ್ಲ. ಮೊದಲ ಮಹಾಯುದ್ಧ ಶುರುವಾಯಿತು. 1915ರಲ್ಲಿ ಜರ್ಮನ್ ಸೇನೆ ವಾರ್ಸಾದತ್ತ ಬಂದಾಗ ಪಾಲಿಟೆಕ್ನಿಕ್ಕನ್ನು ಮಾಸ್ಕೋಗೆ, ಅಲ್ಲಿಂದ ಮರುವರ್ಷ ನಿಜ್ನಿ ನೊವ್ಗೊರೊದ್‌ಗೆ ಸಾಗಿಸಿದರು. ಹೋದಲ್ಲೆಲ್ಲ ಲ್ಯಾಬು ಕಟ್ಟುವುದು, ತರಗತಿ ಜೋಡಿಸುವುದು, ಮತ್ತೆ ಗಂಟುಮೂಟೆ ಕಟ್ಟುವುದೇ ಕೆಲಸವಾಯಿತು. ಸಂಶೋಧನೆ ಹಿಂದೆ ಬಿತ್ತು, ಆರೋಗ್ಯವೂ ಕೆಡುತ್ತಾ ಬಂತು.

1917ರಲ್ಲಿ, 45ನೇ ವಯಸ್ಸಿಗೆ, ಇಂದು ಎಸ್ಟೋನಿಯಾದಲ್ಲಿರುವ ತಾರ್ತು ನಗರದ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಹುದ್ದೆ ಸಿಕ್ಕಿತು, ಜೊತೆಗೆ ಅಲ್ಲಿನ ಸಸ್ಯೋದ್ಯಾನದ ನಿರ್ದೇಶಕನ ಹೊಣೆ. ಕೊನೆಗೂ ಸರಿಯಾದ ಕುರ್ಚಿ. ಆದರೆ 1918ರಲ್ಲಿ ಆ ಊರೂ ಜರ್ಮನ್ ಸೇನೆಯ ವಶವಾಯಿತು. ವಿಶ್ವವಿದ್ಯಾಲಯ ವೋರೊನೆಜ್ ಎಂಬ ಊರಿಗೆ ಸ್ಥಳಾಂತರವಾಯಿತು. ತ್ಸ್ವೆತ್ ಅಲ್ಲಿಗೂ ಹೋದ. ರಷ್ಯಾದಲ್ಲಿ ಆಗ ಕ್ರಾಂತಿಯ ನಂತರದ ಅಂತರ್ಯುದ್ಧ. 1919ರ ಜೂನ್ 26ರಂದು ಅಲ್ಲೇ ತೀರಿಕೊಂಡ. ವಯಸ್ಸು 47. 1918ರ ನೊಬೆಲ್ ಬಹುಮಾನಕ್ಕೆ ನೆದರ್ಲೆಂಡ್ಸ್‌ನ ಒಬ್ಬ ವಿಜ್ಞಾನಿ ಈತನ ಹೆಸರು ಸೂಚಿಸಿದ್ದ. ಸಿಗಲಿಲ್ಲ. ಸಾಯುವ ಹೊತ್ತಿಗೆ ಆತನ ವಿಧಾನವನ್ನು ಬಳಸುತ್ತಿದ್ದವರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಮತ್ತೆ ಚಿಗುರಿದ್ದು

ಮುಂದಿನ ಕಥೆ ಆತನಿಲ್ಲದ ಕಥೆ. 1930ರ ಸುಮಾರಿಗೆ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ರಿಚರ್ಡ್ ಕುನ್ ಅವರ ಲ್ಯಾಬಿಗೆ ಎಡ್ಗರ್ ಲೆಡರರ್ ಎಂಬ ಯುವಕ ಸೇರಿದ. ಕ್ಯಾರೊಟಿನ್ ಒಂದೇ ವಸ್ತುವೋ ಅಲ್ಲವೋ ಎಂಬುದು ಅವನ ಮುಂದಿದ್ದ ಸಮಸ್ಯೆ. ಹಳೆಯ ಪುಸ್ತಕ ಹುಡುಕುತ್ತಾ ತ್ಸ್ವೆತ್‌ನ ಹೆಸರು ಸಿಕ್ಕಿತು. ಆತನ ರಷ್ಯನ್ ಪುಸ್ತಕದ ಒಂದು ಜರ್ಮನ್ ಅನುವಾದದ ಪ್ರತಿ ಕುನ್ ಅವರ ಬಳಿ ಇತ್ತು. ಅದು ಎಲ್ಲಿಂದ ಬಂತು ಗೊತ್ತೇ? ಕುನ್ ಅವರ ಗುರು, ಅದೇ ವಿಲ್‌ಸ್ಟೆಟರ್, ತಮ್ಮ ಸ್ವಂತ ಓದಿಗೆಂದು ಹಿಂದೆ ಮಾಡಿಸಿಟ್ಟುಕೊಂಡಿದ್ದ ಅನುವಾದ! ಒಪ್ಪದವರ ಕಪಾಟಿನಲ್ಲೇ ಆ ಬೀಜ ಬದುಕಿತ್ತು.

ಲೆಡರರ್ ಪುಸ್ತಕದಲ್ಲಿದ್ದ ಹಾದಿಯಲ್ಲೇ ಕೊಳವೆ ತುಂಬಿ ನೋಡಿದ. 1931ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದೇ ವಸ್ತು ಎಂದು ತಿಳಿದಿದ್ದ ಕ್ಯಾರೊಟಿನ್ ಆಲ್ಫಾ ಮತ್ತು ಬೀಟಾ ಎಂದು ಎರಡಾಗಿ ಬಿಡಿಸಿಕೊಂಡಿತು. ಅಲ್ಲಿಂದ ಆ ವಿಧಾನ ಲ್ಯಾಬಿನಿಂದ ಲ್ಯಾಬಿಗೆ ಹಬ್ಬಿತು. 1941ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ, ಉಣ್ಣೆ ಉದ್ಯಮದ ಸಂಶೋಧನಾ ಸಂಸ್ಥೆಯಲ್ಲಿದ್ದ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ ಅದಕ್ಕೆ ಹೊಸ ತಿರುವು ಕೊಟ್ಟರು, 1952ರಲ್ಲಿ ನೊಬೆಲ್ ಪಡೆದರು. ಪುಡಿಯ ಬದಲು ಕಾಗದ ಬಂತು. ದ್ರವದ ಬದಲು ಅನಿಲ ಹರಿಸುವ ಗ್ಯಾಸ್ ಕ್ರೊಮ್ಯಾಟೊಗ್ರಫಿ ಬಂತು.

ಇನ್ನು ನಮ್ಮ ಎಲೆಕ್ಟ್ರಾನಿಕ್ಸ್‌ನ ಸರದಿ. 1979ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಟೀಫನ್ ಟೆರಿ ಮತ್ತು ಸಂಗಡಿಗರು 5 ಸೆಂಟಿಮೀಟರ್ ಅಗಲದ ಸಿಲಿಕಾನ್ ವೇಫರ್ ಮೇಲೆ 1.5 ಮೀಟರ್ ಉದ್ದದ ಕಾಲುವೆಯನ್ನು ಜಿಲೇಬಿಯಂತೆ ಸುರುಳಿಯಾಗಿ ಕೊರೆದರು. ಮೇಲೆ ಗಾಜು ಮುಚ್ಚಿದರು. ಅನಿಲ ಹರಿಸಿದಾಗ ಮಿಶ್ರಣ ಸೆಕೆಂಡುಗಳಲ್ಲಿ ಬೇರ್ಪಟ್ಟಿತು. ಟ್ರಾನ್ಸಿಸ್ಟರ್ ಮಾಡುವ ಅದೇ ಎಚಿಂಗ್ ವಿದ್ಯೆಯಲ್ಲಿ ಮಾಡಿದ ಕೆಮಿಸ್ಟ್ರಿ ಯಂತ್ರ ಅದು. ಪ್ರಕಟವಾದದ್ದು ಎಲೆಕ್ಟ್ರಾನಿಕ್ಸ್ ಪತ್ರಿಕೆಯಲ್ಲಿ. ಮತ್ತೆ ಅದೇ ಕಥೆ, ರಸಾಯನಶಾಸ್ತ್ರದವರಲ್ಲಿ ಹೆಚ್ಚಿನವರು ಹತ್ತು ವರ್ಷ ಅದರ ಕಡೆ ನೋಡಲಿಲ್ಲ. 1990ರಲ್ಲಿ ಆಂದ್ರೆಯಾಸ್ ಮಾನ್ಜ್ ಮತ್ತು ಸಂಗಡಿಗರು ಇಡೀ ರಾಸಾಯನಿಕ ವಿಶ್ಲೇಷಣೆಯನ್ನೇ ಚಿಪ್ಪಿಗಿಳಿಸುವ ಯೋಜನೆಯನ್ನು ಲೆಕ್ಕಸಮೇತ ಮಂಡಿಸಿದ ಮೇಲೆ ಈ ಕ್ಷೇತ್ರಕ್ಕೆ ಜೀವ ಬಂತು. ಮಾನ್ಜ್ ಆಗ ಕೆಲಸದಲ್ಲಿದ್ದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ತಾಯಿಯಿಲ್ಲದ ತ್ಸ್ವೆತ್ ಬೆಳೆದ ದೇಶದಲ್ಲೇ.

ಸಣ್ಣದು ಮಾಡಿದರೆ ಲಾಭವೇನು ಎಂದು ಕೇಳುವವರಿಗೆ ಒಂದು ಲೆಕ್ಕ. ನಿಂತ ನೀರಿನಲ್ಲಿ ಅಣು ತಾನಾಗಿ ಹರಡಲು ಹಿಡಿಯುವ ಸಮಯ ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಒಂದು ಸಣ್ಣ ಅಣು 1 ಮಿಲಿಮೀಟರ್ ಹರಡಲು ಸುಮಾರು 8 ನಿಮಿಷ ಬೇಕಾದರೆ, ಅದರ ಹತ್ತನೇ ಒಂದು ಭಾಗ ದೂರಕ್ಕೆ 5 ಸೆಕೆಂಡ್ ಸಾಕು. ದೂರ ಹತ್ತು ಪಟ್ಟು ಇಳಿದರೆ ಸಮಯ ನೂರು ಪಟ್ಟು ಇಳಿಯುತ್ತದೆ. ಸಪೂರ ಕಾಲುವೆಯಲ್ಲಿ ಅಣು ಗೋಡೆಯನ್ನು ಮುಟ್ಟಿ ಅಂಟಿ ಬಿಟ್ಟು ಬರುವ ಕೆಲಸ ಅಷ್ಟು ಬೇಗ ಮುಗಿಯುವುದರಿಂದಲೇ ಚಿಪ್ ವೇಗವಾಗಿ ಕೆಲಸ ಮಾಡುತ್ತದೆ. ಕೊರೊನಾ ಕಾಲದಲ್ಲಿ ನಾವೆಲ್ಲ ಕಂಡ ರ‍್ಯಾಪಿಡ್ ಟೆಸ್ಟ್ ಕಿಟ್ಟೂ ದೂರದ ನೆಂಟನೇ. ಹನಿ ಪಟ್ಟಿಯ ಮೇಲೆ ತಾನಾಗಿ ಹರಿದು, ಅಂಟಬೇಕಾದಲ್ಲಿ ಅಂಟಿ ಗೆರೆ ಮೂಡಿಸುತ್ತದೆ. ಅದಕ್ಕೆ ಇಮ್ಯುನೊಕ್ರೊಮ್ಯಾಟೊಗ್ರಫಿ ಎಂಬ ಹೆಸರೂ ಇದೆ.

ನಮಗೇನು?

ಗೆಳೆಯರೇ, ಈ ಬದುಕನ್ನು ಕಷ್ಟಪಟ್ಟರೆ ಫಲ ಉಂಟು ಎಂಬ ಮಾತಿಗೆ ಉದಾಹರಣೆಯಾಗಿ ಕೊಡಲು ನನಗೆ ಮನಸ್ಸಿಲ್ಲ. ತ್ಸ್ವೆತ್ ಕಷ್ಟಪಟ್ಟ, ಫಲ ಬೇರೆಯವರಿಗೆ ಸಿಕ್ಕಿತು, ಅದೂ ಆತ ಹೋದ ಮೇಲೆ. ಪ್ಲೇಸ್‌ಮೆಂಟ್ ಸಾಲಿನಲ್ಲಿ ನಿಂತಿರುವ ನಮಗೆ ಅಂಥ ಸಮಾಧಾನ ಹೇಳಿದರೆ ನಗು ಬರುತ್ತದೆ. ಕೆಲಸ ಬೇಕು, ಸಂಬಳ ಬೇಕು, ಮನೆಯಲ್ಲಿ ಕಾಯುತ್ತಿದ್ದಾರೆ. ಅದರಲ್ಲಿ ತಪ್ಪೇನಿಲ್ಲ. ತ್ಸ್ವೆತ್ ಕೂಡ ಪದವಿ ಮತ್ತೆ ಪಡೆದ, ಸಿಕ್ಕ ಕೆಲಸ ಮಾಡಿದ, ಸೀಲಿಗಾಗಿ ಕಾದ. ಆದರೆ ಸೀಲು ಬರುವ ತನಕ ಕೊಳವೆಯನ್ನು ಪಕ್ಕಕ್ಕಿಡಲಿಲ್ಲ.

ಸೆಮಿನಾರ್‌ಗೆ ಈ ವಿಷಯ ಆರಿಸಿದಾಗ ಸರ್ಕ್ಯೂಟ್ ಓದುವವನಿಗೆ ಕೆಮಿಸ್ಟ್ರಿ ಯಾಕೆ ಎಂದು ಗೆಳೆಯರು ಕೇಳಿದರು. ಇದು ಯಾವ ಬ್ರಾಂಚಿನ ಕೆಲಸ ಎಂದು ನನಗೂ ಒಂದೇ ಮಾತಲ್ಲಿ ಹೇಳಲಾಗದು. ಕಾಲುವೆ ಕೊರೆಯುವುದು ಎಲೆಕ್ಟ್ರಾನಿಕ್ಸ್, ದ್ರವ ಹರಿಸುವುದು ಮೆಕ್ಯಾನಿಕಲ್, ಬೇರ್ಪಡಿಸುವುದು ಕೆಮಿಸ್ಟ್ರಿ, ಹನಿ ರಕ್ತ ಬಯಾಲಜಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್‌ಗೆಂದೇ ಪ್ರತ್ಯೇಕ ಕೇಂದ್ರವಿದೆ. ಹೊರಗಿನ ಕಾಲೇಜಿನವರಿಗೂ ಅಲ್ಲಿ ತರಬೇತಿ ಪಡೆಯುವ ಯೋಜನೆ ಇದೆ. ಆಸಕ್ತಿ ಇರುವವರು ವಿಚಾರಿಸಿ ನೋಡಬಹುದು. ಗೋಡೆಯ ಮೇಲೆ ಕೂರುವವರಿಗೆ ತ್ಸ್ವೆತ್‌ನ ಕಾಲಕ್ಕಿಂತ ಇಂದು ಸ್ವಲ್ಪ ಜಾಗ ಹೆಚ್ಚಿದೆ.

ನನಗೆ ಆತನಿಂದ ಸಿಕ್ಕ ಪಾಠ ಮಾತ್ರ ಬಹಳ ಸಣ್ಣದು, ನಾವು ದಿನಾ ಬರೆಯುವ ಲ್ಯಾಬ್ ರೆಕಾರ್ಡಿಗೆ ಸಂಬಂಧಿಸಿದ್ದು. ಇಂಟರ್ನಲ್ಸ್ ಅಂಕಕ್ಕಾಗಿ ಹಿಂದಿನ ಬ್ಯಾಚಿನ ರೆಕಾರ್ಡ್ ನೋಡಿ ಬರೆದು ಸಹಿ ಹಾಕಿಸಿಕೊಳ್ಳುವುದು ನಮ್ಮಲ್ಲಿ ಹೊಸದಲ್ಲ. ತ್ಸ್ವೆತ್ ಯಾವ ಪುಡಿ, ಅದನ್ನು ಹೇಗೆ ಒಣಗಿಸಬೇಕು, ಕೊಳವೆಗೆ ಎಷ್ಟು ಬಿಗಿಯಾಗಿ ತುಂಬಬೇಕು, ಯಾವ ದ್ರಾವಕ, ಯಾವ ಬಣ್ಣ ಎಲ್ಲಿ ನಿಲ್ಲುತ್ತದೆ ಎಂಬುದನ್ನೆಲ್ಲ ಬರೆದಿಟ್ಟ. ಆತನ ಮುಖ ಕಾಣದ, ಆತನ ಭಾಷೆ ತಿಳಿಯದ ಒಬ್ಬ ಹುಡುಗ 20 ವರ್ಷಗಳ ಬಳಿಕ ಬೇರೆ ದೇಶದಲ್ಲಿ ಕೂತು, ಅದನ್ನು ನೋಡಿ ಅದೇ ಪ್ರಯೋಗವನ್ನು ಮಾಡಿದ, ಅದು ಆಯಿತು. ಹುದ್ದೆ ಕೈಕೊಟ್ಟಿತು, ಯುದ್ಧ ಊರು ಬಿಡಿಸಿತು, ದೊಡ್ಡವರು ಒಪ್ಪಲಿಲ್ಲ. ಆ ಪುಟಗಳು ಮಾತ್ರ ಆತನ ಕೆಲಸವನ್ನು ಮುಂದಿನವರ ಕೈಗೆ ದಾಟಿಸಿದವು.